ಕಾಣದ ತಕ್ಕಡಿ

ಹದಿನೆಂಟನೆಯ ಶತಮಾನದಲ್ಲಿ ಅಮೆರಿಕೆಯ ವರ್ಜೀನಿಯಾ ವಸಾಹತಿನ ಭೂಮಾಲೀಕರು, ಗುಲಾಮರನ್ನಾಗಿ ಹಿಡಿದು ತಂದ ಆಫ್ರಿಕದ ಜನರಿಂದ ಬೆಳೆಸಿದ ಹೊಗೆಸೊಪ್ಪನ್ನು ಸಾವಿರ ಪೌಂಡಿನಷ್ಟು ತೂಗುವ ಪೀಪಾಯಿಗಳಲ್ಲಿ ಒತ್ತಿ ತುಂಬಿಸಿ, ಲಂಡನ್ನಿನ ವರ್ತಕನ ಹೆಸರಿಗೆ ಹಡಗೇರಿಸಿ, ತಿಂಗಳುಗಟ್ಟಲೆ ಅವನ ಪತ್ರದ ದಾರಿ ಕಾಯುತ್ತಿದ್ದರು. ವರ್ತಕನು ಬರೆದುದೇ ಧಾರಣೆ. ಸುಂಕ, ಹಡಗಿನ ಬಾಡಿಗೆ, ದಲ್ಲಾಳಿಗಳನ್ನು ಮುರಿದುಕೊಂಡು ಮಿಕ್ಕ ಹಣಕ್ಕೆ ಬಟ್ಟೆಬರೆ, ಪಾತ್ರೆಪಡಗಗಳನ್ನು ಕೊಂಡು ಕಳುಹುತ್ತಿದ್ದವನೂ ಅವನೇ. ಬ್ರಿಟಿಷ್ ನೌಕಾಯಾನ ಶಾಸನಗಳ ದೆಸೆಯಿಂದ ಅನ್ಯದೇಶಗಳಿಗೆ ನೇರವಾಗಿ ಮಾರುವ ಹಾದಿಯೂ ಮುಚ್ಚಿತ್ತು. ಜಾರ್ಜ್ ವಾಷಿಂಗ್ಟನ್ನರಂಥವರೇ ಲಂಡನ್ನಿನ ತಮ್ಮ ವರ್ತಕರಾದ ರಾಬರ್ಟ್ ಕೇರಿ ಕಂಪನಿಗೆ ಪತ್ರದ ಮೇಲೆ ಪತ್ರ ಬರೆದು, ಬೆಲೆ ಕಡಿಮೆಯಾಯಿತೆಂದೂ ಬಂದ ಸರಕು ಕಳಪೆಯೆಂದೂ ಗೊಣಗಿ, ಸಾಲ ಏರುತ್ತಿರಲಾಗಿ 1760ರ ದಶಕದಲ್ಲಿ ಹೊಗೆಸೊಪ್ಪು ಬಿಟ್ಟು ಗೋಧಿಯನ್ನು ಹಿಡಿದರು. ಈ ದೊರೆಗಳ ವಿಷಯದಲ್ಲಿ ನನಗೆ ಮರುಕವಿಲ್ಲ; ದುಡಿದವರಿಗೆ ಕೂಲಿಯನ್ನೇ ಕೊಡದವರು ತಮ್ಮ ಬೆಳೆಗೆ ಬೆಲೆ ಸಿಗಲಿಲ್ಲವೆಂದು ಅತ್ತರೆ ಯಾರು ಕೇಳಬೇಕು? ಆದರೆ ಮಾರುವವನ ಕಣ್ಣಿಗೆ ತಕ್ಕಡಿ ಕಾಣದಿದ್ದರೆ ಏನಾಗುವುದೆಂಬುದಕ್ಕೆ ಅವರಿಗಿಂತ ಒಳ್ಳೆಯ ನಿದರ್ಶನವಿಲ್ಲ.

ನಮ್ಮ ರಾಜ್ಯದಲ್ಲಿ ಪಿರಿಯಾಪಟ್ಟಣ, ಹುಣಸೂರು ಸೀಮೆಯ ಹೊಗೆಸೊಪ್ಪಿಗೆ ತಂಬಾಕು ಮಂಡಳಿಯ ಬಹಿರಂಗ ಹರಾಜು ದೊರೆತುದು 1984ರಲ್ಲಿ. ರೇಷ್ಮೆಗೂಡಿನ ಮಾರಾಟವನ್ನು ನಿಯಂತ್ರಿಸುವ ಕಾಯಿದೆಯು ಅದಕ್ಕೂ ಮೊದಲೇ, 1959ರಲ್ಲಿ ಬಂದಿತ್ತು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಒಂದು ಬೆಳಗು ನಿಂತು ನೋಡಬೇಕು: ರೈತನು ಜಾಲರಿಗೆ ಗೂಡು ಸುರಿಯುತ್ತಾನೆ, ನೂಲು ಬಿಚ್ಚುವ ರೀಲರು ಒಂದು ಹಿಡಿ ತೆಗೆದು ಬೆರಳಿನಿಂದ ಒತ್ತಿ, ಕಿವಿಯ ಬಳಿ ಅಲುಗಿಸಿ, ಮುಖದಲ್ಲಿ ಏನನ್ನೂ ತೋರದೆ ಮುಂದಿನ ಜಾಲರಿಗೆ ಸಾಗುತ್ತಾನೆ. ಧಾರಣೆ ಏರಲಿ, ಇಳಿಯಲಿ, ಪಕ್ಕದವನ ಗೂಡು ಎಷ್ಟಕ್ಕೆ ಹೋಯಿತೆಂಬುದು ಅಲ್ಲಿ ಎಲ್ಲರಿಗೂ ತಿಳಿಯುತ್ತದೆ. ವರ್ಜೀನಿಯಾದವರಿಗೆ ದಕ್ಕದಿದ್ದುದು ಇದೊಂದೇ ತಿಳಿವು.

ಆದರೂ ಹುಳು ಗೂಡು ಕಟ್ಟುವ ಮುನ್ನವೇ ಮನೆಬಾಗಿಲಿಗೆ ಬಂದು ಮುಂಗಡವನ್ನು ಕೈಗಿಟ್ಟು, ಗೂಡನ್ನು ತನಗೇ ಕೊಡಬೇಕೆಂದು ಮಾತು ಕಟ್ಟಿಕೊಳ್ಳುವವನ ಮೋಹ ಹಳ್ಳಿಗಳಲ್ಲಿ ಇನ್ನೂ ಅಳಿದಿಲ್ಲ. ಗೂಡು ಬಿಡಿಸಿದ ಕೆಲವೇ ದಿನಗಳಲ್ಲಿ ಚಿಟ್ಟೆ ತೂತು ಕೊರೆದು ಹೊರಬರುವುದಾದ್ದರಿಂದ, ಬೆಲೆ ಬರಲೆಂದು ಅದನ್ನು ಅಟ್ಟದ ಮೇಲೆ ಇಟ್ಟುಕೊಂಡು ಕೂರುವಂತಿಲ್ಲ. ಈ ಅವಸರವೇ ಮುಂಗಡ ಕೊಟ್ಟವನ ಬಂಡವಾಳ. ಲಂಡನ್ನಿನ ವರ್ತಕನೂ ಮೊದಲು ಕೊಟ್ಟದ್ದು ಸಾಲವನ್ನೇ.

ಆದಕಾರಣ ನಗರಗೆರೆ ಹೋಬಳಿಯ ರೇಷ್ಮೆ ಬೆಳೆಗಾರರಲ್ಲಿ ನನ್ನ ವಿನಂತಿಯಿಷ್ಟೆ: ಬಾಡಿಗೆ ಗಾಡಿಯ ಖರ್ಚು ಕೊಂಚ ಹೆಚ್ಚಾದರೂ ಗೂಡನ್ನು ಹರಾಜಿಗೇ ಒಯ್ಯಿರಿ, ತೂಕದ ಹೊತ್ತಿಗೆ ತಕ್ಕಡಿಯ ಎದುರಿಗೇ ನಿಲ್ಲಿರಿ.