ಗೇಟಿಗೆ ಓಡಿ ಬಂದವರೇ, ಹೂಳಿಗೆ ಯಾವಾಗ ಬರುತ್ತೀರಿ?

ತುಂಗಭದ್ರಾ ಎಡದಂಡೆಯ ಕೊನೆ ಭಾಗದ ರೈತ ಬಂಧುಗಳೇ,

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಕ್ರೆಸ್ಟ್ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಬೆಳಗಾಗುವಷ್ಟರಲ್ಲಿ ಮಂತ್ರಿಗಳು, ಮಾಜಿಗಳು, ಅವರ ಹಿಂದೆ ಕ್ಯಾಮೆರಾಗಳು. ವಾರದೊಳಗೆ ಸ್ಟಾಪ್‌ಲಾಗ್ ಇಳಿಸಿ ನೀರು ನಿಲ್ಲಿಸಿದ ಕೆಲಸಗಾರರಿಗೆ ಕೈ ಮುಗಿಯುತ್ತೇವೆ. ಆದರೆ ಲೆಕ್ಕ ಕೇಳಿ. ಕಟ್ಟಿದಾಗ ಈ ಡ್ಯಾಮು ಹಿಡಿಯುತ್ತಿದ್ದದ್ದು ಸುಮಾರು 133 ಟಿಎಂಸಿ. ಈಗ ಹಿಡಿಯುವುದು 105 ಚಿಲ್ಲರೆ. 27 ಟಿಎಂಸಿ ಜಾಗ ಹೂಳಿನ ಪಾಲಾಗಿದೆ. ಗೇಟು ಹೋದದ್ದು ಒಂದು ರಾತ್ರಿ. ಈ 27 ಟಿಎಂಸಿ ಜಾಗದ ನೀರು ಪ್ರತಿ ವರ್ಷ ಹೋಗುತ್ತಿದೆ, ಹೆಲಿಕಾಪ್ಟರ್ ಮಾತ್ರ ಒಂದೂ ಇಳಿದಿಲ್ಲ.

ಈ ಮಣ್ಣು ಎಲ್ಲಿಯದು? ಗಂಗಾಮೂಲದಲ್ಲಿ ಹುಟ್ಟಿದ ತುಂಗೆ, ಭದ್ರೆ ಕೂಡಲಿಯಲ್ಲಿ ಸೇರುತ್ತವೆ. ಗಳಗನಾಥದ ಹತ್ತಿರ ವರದೆ ಬಂದು ಕೂಡುತ್ತಾಳೆ. ಆ ಸೀಮೆಯಲ್ಲಿ ಹೆಚ್ಚಾಗಿ ಧಾರವಾಡ ಶಿಲಾವರ್ಗದ ಪದರಗಲ್ಲು. ಮಳೆ ಬಿಸಿಲಿಗೆ ಬೇಗ ಸವೆದು ಮಣ್ಣಾಗುತ್ತದೆ. ಹಾವೇರಿ ಕಡೆಯ ಎರೆಹೊಲಗಳ ಮೇಲ್ಮಣ್ಣೂ ಮುಂಗಾರಿನ ಕೆಂಪು ನೀರಿನ ಜೊತೆ ಹೊರಡುತ್ತದೆ. ಹೊಸಪೇಟೆಗೆ ಬಂದರೆ ಹೊಳೆಗೆ ಎದುರಾಗುವುದು 250 ಕೋಟಿ ವರ್ಷ ಹಳೆಯ ಗ್ರಾನೈಟು. ಹಂಪಿ, ಆನೆಗೊಂದಿಯ ಆ ಗುಂಡುಗಳು ಅಲುಗುವುದಿಲ್ಲ. ಅಲ್ಲೇ ಸುರ್ಕಿ ಗಾರೆಯ ಗೋಡೆ ಎದ್ದಿತು, ಮಣ್ಣು ಅಲ್ಲೇ ಕೂತಿತು. ವಿಜಯನಗರದವರು ಕಟ್ಟಿದ್ದು ತಗ್ಗು ಒಡ್ಡು. ನೆರೆ ಬಂದರೆ ಮಣ್ಣು ಮೇಲೆ ಹಾದು ಮುಂದೆ ಹೋಗುತ್ತಿತ್ತು. ಅವರ ಕಾಲದ ಬಸವಣ್ಣ ಕಾಲುವೆ ಇಂದಿಗೂ ಹರಿಯುತ್ತಿದೆ. ಓದಿದ ಇಂಜಿನಿಯರುಗಳೇ, ಒಮ್ಮೆ ಹೋಗಿ ನೋಡಿ ಬನ್ನಿ.

ಹಿಂದೆ ನೆರೆ ಇಳಿದ ಮೇಲೆ ದಂಡೆಯ ಹೊಲದಲ್ಲಿ ಉಳಿಯುತ್ತಿದ್ದ ಮೆಕ್ಕಲು ಮಣ್ಣು ಈಗ ಡ್ಯಾಮಿನ ತಳದಲ್ಲಿದೆ. ನಮಗೆ ಉಳಿದದ್ದು ಸವಳು. ನೀರು ಬಸಿಯದ ಎರೆಗೆ ವರ್ಷಕ್ಕೆರಡು ಸಲ ಭತ್ತದ ನೀರು ನಿಲ್ಲಿಸಿದರೆ ಅಡಿಯ ಉಪ್ಪು ಮೇಲೇರುತ್ತದೆ. ಬೇಸಿಗೆಯಲ್ಲಿ ಗಂಗಾವತಿ, ಸಿಂಧನೂರಿನ ತಗ್ಗು ಗದ್ದೆಗಳ ಬದುವಿನಲ್ಲಿ ಸುಣ್ಣ ಚೆಲ್ಲಿದ ಹಾಗೆ ಬಿಳಿ ಪದರ ಕಾಣುತ್ತದೆ. ಕಾಲಿಟ್ಟರೆ ಗರಿಗರಿ ಮುರಿಯುತ್ತದೆ, ಅಡಿಯ ಮಣ್ಣು ಅಂಟಂಟು. ಅಲ್ಲಿ ಹಾಕಿದ ಬೀಜ ಅಲ್ಲೇ ಸಾಯುತ್ತದೆ. ಮಣ್ಣು ಡ್ಯಾಮಿಗೆ, ಉಪ್ಪು ನಮಗೆ! ಇದ್ಯಾವ ನ್ಯಾಯ?

ಕೇಳಿದರೆ ಅಧಿಕಾರಿಗಳು ಕ್ಯಾಲ್ಕುಲೇಟರ್ ತೆಗೆಯುತ್ತಾರೆ. 27 ಟಿಎಂಸಿ ಎಂದರೆ 2,700 ಕೋಟಿ ಘನ ಅಡಿ, ಎಷ್ಟು ಲಾರಿ ಬೇಕು, ಎಲ್ಲಿ ಸುರಿಯಬೇಕು ಎನ್ನುತ್ತಾರೆ. ಸ್ವಾಮಿ, ಸುಮಾರು 90 ಹಳ್ಳಿ ಮುಳುಗಿಸುವಾಗ ಈ ಕ್ಯಾಲ್ಕುಲೇಟರ್ ಎಲ್ಲಿತ್ತು? ಸುರಿಯಲು ಜಾಗ ಬೇಕೇ? ನಮ್ಮ ಮಸಾರಿ ಹೊಲಗಳು ಬಾಯಿ ತೆರೆದು ಕೂತಿವೆ. 2017ರ ಬೇಸಿಗೆಯಲ್ಲಿ ರೈತರೇ ಕೈಯಿಂದ ಖರ್ಚು ಹಾಕಿ, ಟ್ರ್ಯಾಕ್ಟರ್ ಹೂಡಿ ಹೂಳು ಎತ್ತಿದರಲ್ಲ, ಆಗ ಯಾರ ಅಪ್ಪಣೆ ಬೇಕಾಯಿತು?

ಇನ್ನು ಕೆಲವರಿಗೆ ನವಲಿ ಸಮತೋಲನ ಜಲಾಶಯದ ಜಪ. ಚುನಾವಣೆಗೊಮ್ಮೆ ಅದೇ ನಕ್ಷೆ ಬಿಚ್ಚಿ, ಮತ್ತೆ ಸುತ್ತಿಡುತ್ತಾರೆ. ಹಳೆ ಪಾತ್ರೆ ತೊಳೆಯಲು ಬೇಸರ, ಹೊಸದು ಕೊಡಿಸಿ ಎಂಬ ಹಟ! ಮೇಲ್ಭಾಗದ ಅಣ್ಣಂದಿರೇ, ನೀವೂ ಕೇಳಿಸಿಕೊಳ್ಳಿ. ಈ ಕಾಲುವೆಯನ್ನು ಜೋಳ, ಹತ್ತಿಯಂಥ ಅರೆ ನೀರಾವರಿ ಬೆಳೆಗೆಂದು ಯೋಜಿಸಿದ್ದರು. ನೀವು ಭತ್ತ ಹಾಕಿದಿರಿ, ಪೈಪು ಇಳಿಸಿದಿರಿ, 104ನೇ ಮೈಲಿಯ ಗೇಜಿಗೆ ನೀರು ಮುಟ್ಟದಂತೆ ಮಾಡಿದಿರಿ. ಸವಳು ನಿಮ್ಮ ಹೊಲಕ್ಕೂ ಹಿಡಿಯಿತು. ಆದರೂ ಬುದ್ಧಿ ಬರಲಿಲ್ಲ. ಹಸಿರು ಶಾಲು ಹೊದ್ದು ಪತ್ರಿಕಾಗೋಷ್ಠಿಯಲ್ಲೇ ಬೇಸಾಯ ಮಾಡುವ ಮುಖಂಡರ ವಿಷಯ ಹೇಳದಿರುವುದೇ ಲೇಸು.

ಎರಡನೇ ಬೆಳೆಗೆ ನೀರು ಕೇಳಿದಾಗಲೆಲ್ಲ “ಡ್ಯಾಮಿನಲ್ಲಿ ಸಂಗ್ರಹವಿಲ್ಲ” ಎಂಬ ಉತ್ತರ. ಇಲ್ಲದಂತೆ ಮಾಡಿದವರು ಯಾರು? 27 ಟಿಎಂಸಿ, ರೈತ ಬಂಧುಗಳೇ, 27 ಟಿಎಂಸಿ! ಈ ನಷ್ಟ ಕಾಲುವೆಯ ತಲೆಯವರಿಗೆ ತಟ್ಟುವುದಿಲ್ಲ. ಕಡಿತ ಶುರುವಾಗುವುದೇ ಮಾನ್ವಿ, ಸಿರವಾರ, ರಾಯಚೂರಿನಿಂದ.

ನೀರಾವರಿ ಸಲಹಾ ಸಮಿತಿಯ ಮುಂದಿನ ಸಭೆಗೆ ಮುನ್ನ ಹೂಳಿನ ವಿಷಯದಲ್ಲಿ ಸರ್ಕಾರ ಗಟ್ಟಿ ಮಾತು ಕೊಡಬೇಕು. ಸಭೆಯ ದಿನ ಮನೆಗೊಬ್ಬರಂತೆ ಮುನಿರಾಬಾದಿಗೆ ಬನ್ನಿ. ಸವಳು ಹತ್ತಿದವರು ನಿಮ್ಮ ಹೊಲದ ಮಣ್ಣು ಒಂದು ಚೀಲ ಕಟ್ಟಿಕೊಂಡು ಬನ್ನಿ, ಸಾಹೇಬರ ಮೇಜಿನ ಮೇಲೇ ಸುರಿಯೋಣ.

— ಎಡದಂಡೆ ಕಾಲುವೆಯ ಕೊನೆ ಭಾಗದ ರೈತರು