ಮೈಸೂರಲ್ಲಿ ಬೀಸದ ಗಾಳಿ

ನಮ್ಮ ಮನೆಯ ಜಗಲಿ ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರೊಳಗೆ ಇಪ್ಪತ್ತೈದು ಮೀಟರ್ ಮೇಲೇರುತ್ತದೆ. ಹೀಗೆಂದು ಹೇಳಿದ್ದು ನನ್ನ ಫೋನು. ಅದರೊಳಗೆ ಗಾಳಿಯ ಒತ್ತಡ ಅಳೆಯುವ ಕಾಳಿನಷ್ಟು ಚಿಕ್ಕ ಸಾಧನವೊಂದಿದೆ. ಹೊಸ ಫೋನು ಕೊಳ್ಳಲು ಇದೊಂದು ನೆಪ ಎಂದರು ಮನೆಯವರು. ಫೋನೇನೂ ಕೆಟ್ಟಿರಲಿಲ್ಲ. ರಾತ್ರಿ ಹತ್ತಕ್ಕೆ ಜಗಲಿ ಮತ್ತೆ ಕೆಳಗಿಳಿದಿತ್ತು.

ಗಾಳಿಗೂ ಸಮುದ್ರದಂತೆ ಉಬ್ಬರ ಇಳಿತ ಉಂಟು. ಬಿಸಿಲು ವಾಯುಮಂಡಲದ ಓಝೋನನ್ನೂ ನೀರಾವಿಯನ್ನೂ ಕಾಯಿಸಿ ಎಬ್ಬಿಸುವ ಅಲೆ ಅದು. ಉಷ್ಣವಲಯದಲ್ಲಿ ಅದರ ಆಟ ಜೋರು. ಹಗಲೂ ರಾತ್ರಿಯೂ ಹತ್ತರ ಸುಮಾರಿಗೆ ಒತ್ತಡ ಏರಿ, ನಾಲ್ಕರ ಹೊತ್ತಿಗೆ ಇಳಿಯುತ್ತದೆ. ವ್ಯತ್ಯಾಸ ಮೂರು ಹೆಕ್ಟೊಪಾಸ್ಕಲಿನ ಆಸುಪಾಸು; ಒತ್ತಡ ಇಳಿದರೆ ಫೋನು ಎತ್ತರ ಏರಿತೆಂದು ತಿಳಿಯುತ್ತದೆ. ನಮ್ಮಲ್ಲಿ ಹವೆಯ ಲೆಕ್ಕ ಇಡುವುದು ಹೊಸತಲ್ಲ: 1890ರ ದಶಕದಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಜಾನ್ ಕುಕ್ ಮೈಸೂರು ಸಂಸ್ಥಾನಕ್ಕಾಗಿ ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗಗಳ ಹವಾಮಾನದ ಅಂಕಿಗಳನ್ನು ವರ್ಷವರ್ಷ ಅಚ್ಚು ಹಾಕಿಸುತ್ತಿದ್ದರು. ಆಗಿನ್ನೂ ವಿಮಾನ ಹುಟ್ಟಿರಲಿಲ್ಲ.

ವಿಮಾನದ ಆಲ್ಟಿಮೀಟರ್ ಮೂಲತಃ ಒಂದು ವಾಯುಭಾರಮಾಪಕವೇ. ಒಳಗೆ ಗಾಳಿ ತೆಗೆದ ತೆಳು ಲೋಹದ ಡಬ್ಬಿ. ಹೊರಗಿನ ಒತ್ತಡ ತಗ್ಗಿದಂತೆ ಅದು ಉಬ್ಬುತ್ತದೆ, ಮುಳ್ಳು ತಿರುಗುತ್ತದೆ. ಅದಕ್ಕೆ ನೆಲ ಕಾಣದು, ಚಾಮುಂಡಿ ಬೆಟ್ಟವೂ ಕಾಣದು. ತಲೆಯ ಮೇಲೆ ಎಷ್ಟು ಗಾಳಿಯ ಹೊರೆ ಉಳಿದಿದೆ ಎಂಬುದಷ್ಟನ್ನೇ ತಿಳಿದು, ಒಂದು ಕೋಷ್ಟಕವನ್ನು ನಂಬಿ ಅಡಿಗಳಲ್ಲಿ ಮಾತಾಡುತ್ತದೆ. ಸಮುದ್ರಮಟ್ಟದಲ್ಲಿ 1013.25 ಹೆಕ್ಟೊಪಾಸ್ಕಲ್, 15 ಡಿಗ್ರಿ ಸೆಲ್ಸಿಯಸ್, ಮೇಲಕ್ಕೆ ಹೋದಂತೆ ಸಾವಿರ ಅಡಿಗೆ ಸುಮಾರು 2 ಡಿಗ್ರಿ ಇಳಿಕೆ: ಇದು ಆ ಕೋಷ್ಟಕದ ಗಾಳಿ, ಪುಸ್ತಕದ ಗಾಳಿ.

ನಿಜವಾದ ಗಾಳಿ ಹಾಗಿರದಾಗ ಮುಳ್ಳು ತಪ್ಪುತ್ತದೆ. ಒತ್ತಡದ ತಪ್ಪನ್ನು ತಿದ್ದುವುದು ಸುಲಭ. ಆ ಹೊತ್ತಿನ ಒತ್ತಡವನ್ನು ಸಮುದ್ರಮಟ್ಟಕ್ಕೆ ಲೆಕ್ಕಹಾಕಿ ನಿಲ್ದಾಣದ ನಿಯಂತ್ರಣ ಗೋಪುರದವರು 'ಕ್ಯೂಎನ್‌ಎಚ್' ಎಂದು ಹೇಳುತ್ತಾರೆ. ಪೈಲಟ್ ಆ ಅಂಕಿಗೆ ಗುಂಡಿ ತಿರುಗಿಸಿದರೆ, ಮೈಸೂರಿನ ವಿಮಾನ ನಿಲ್ದಾಣವಾದ ಮಂಡಕಳ್ಳಿಯಲ್ಲಿ ನಿಂತ ವಿಮಾನದ ಮುಳ್ಳು ಅಲ್ಲಿಯ ನಿಜವಾದ ಎತ್ತರಕ್ಕೆ, ಸುಮಾರು 2,400 ಅಡಿಗೆ ಬಂದು ಕೂರುತ್ತದೆ. ತಿರುಗಿಸದಿದ್ದರೆ ಹೆಕ್ಟೊಪಾಸ್ಕಲಿಗೆ ಇಪ್ಪತ್ತೇಳು ಇಪ್ಪತ್ತೆಂಟು ಅಡಿಯ ಮೋಸ. ಒತ್ತಡ ಹೆಚ್ಚಿರುವ ಊರಿಂದ ಕಡಿಮೆಯಿರುವ ಊರಿಗೆ ಹಳೆಯ ಅಂಕಿಯಲ್ಲೇ ಹಾರಿಬಂದರೆ, ಮುಳ್ಳು ಹೇಳುವುದಕ್ಕಿಂತ ಕೆಳಗಿರುತ್ತೀರಿ.

ಬಿಸಿಗೆ ಅಂಥ ಗುಂಡಿಯಿಲ್ಲ. ಪುಸ್ತಕದ ಗಾಳಿ ಮಂಡಕಳ್ಳಿಗೆ ಕೊಡುವ ಉಷ್ಣತೆ ಸುಮಾರು 10 ಡಿಗ್ರಿ. ಮೈಸೂರಲ್ಲಿ ಹತ್ತು ಡಿಗ್ರಿ! ಡಿಸೆಂಬರಿನ ನಸುಕಿನಲ್ಲಿ ಮಫ್ಲರ್ ಸುತ್ತಿಕೊಂಡು ಬೆಟ್ಟದ ಮೆಟ್ಟಿಲು ಹತ್ತುವವರಿಗೂ ಅದು ಅಪರೂಪ; ಏಪ್ರಿಲ್ ಮಧ್ಯಾಹ್ನಗಳಂತೂ 35ನ್ನು ಮುಟ್ಟುತ್ತವೆ. ಕಾದ ಗಾಳಿ ಹಿಗ್ಗುತ್ತದೆ. ಹತ್ತು ಡಿಗ್ರಿ ಹೆಚ್ಚಾದರೆ ಎತ್ತರದಲ್ಲಿ ನೂರಕ್ಕೆ ನಾಲ್ಕರಷ್ಟು ವ್ಯತ್ಯಾಸ. ನಿಲ್ದಾಣದಿಂದ 3,000 ಅಡಿ ಮೇಲಿದ್ದೇನೆ ಎಂದು ಮುಳ್ಳು ಹೇಳುವಾಗ ಗಾಳಿ ಪುಸ್ತಕಕ್ಕಿಂತ 20 ಡಿಗ್ರಿ ಬಿಸಿಯಿದ್ದರೆ, ವಿಮಾನ ಇನ್ನೂ 240 ಅಡಿಯಷ್ಟು ಮೇಲಿರುತ್ತದೆ. ಕೆನಡಾದಂಥ ಚಳಿಯ ನಾಡಿನಲ್ಲಿ ಇದು ತಿರುಗುಮುರುಗು: ಅಲ್ಲಿನ ಪೈಲಟ್‌ಗಳು ತಿದ್ದುಪಡಿಯ ಕೋಷ್ಟಕ ನೋಡಿ ಅಡಿಗಳನ್ನು ಕೂಡಿಸಿಕೊಳ್ಳದಿದ್ದರೆ ಗುಡ್ಡ ಹತ್ತಿರವಾಗುತ್ತದೆ. ನಮ್ಮ ಊರಿನ ತಪ್ಪು ಬೆಟ್ಟದಿಂದ ದೂರ ಇಡುವ ತಪ್ಪು. ತಾಯಿ ಚಾಮುಂಡಿಯ ಕೃಪೆ ಎನ್ನುವವರ ಜೊತೆ ನಾನು ಜಗಳವಾಡಲಾರೆ.

ಹಾಗೆಂದು ಸೆಖೆ ಪುಕ್ಕಟೆಯಲ್ಲ. ಹಿಗ್ಗಿದ ಗಾಳಿ ತೆಳುವಾಗಿ, ರೆಕ್ಕೆಗೂ ಎಂಜಿನ್ನಿಗೂ ಹಿಡಿತ ಕಡಿಮೆಯಾಗುತ್ತದೆ. ಡಿಗ್ರಿಗೆ 120 ಅಡಿಯ ಲೆಕ್ಕ ಹಿಡಿದರೆ, 35 ಡಿಗ್ರಿಯ ಮಧ್ಯಾಹ್ನ ವಿಮಾನದ ಪಾಲಿಗೆ ಮಂಡಕಳ್ಳಿ 5,000 ಅಡಿಗೂ ಮೇಲಿನ ಗಿರಿಧಾಮ. ಆಗ ಓಡಿ ಮೇಲೇಳಲು ಹೆಚ್ಚು ದೂರ ಬೇಕು. 1940ರಲ್ಲಿ ಸಂಸ್ಥಾನದ ಕಾಲದಲ್ಲಿ ಆದ, 2010ರಲ್ಲಿ ಹೊಸದಾಗಿ ತೆರೆದ ಈ ನಿಲ್ದಾಣದ ರನ್‌ವೇ ಸುಮಾರು 1,740 ಮೀಟರ್. ಎಟಿಆರ್‌ನಂಥ ಪ್ರೊಪೆಲರ್ ವಿಮಾನಗಳಿಗೆ ಸಾಕು, ತುಂಬಿದ ದೊಡ್ಡ ಜೆಟ್‌ಗೆ ಸಾಲದು. ಅದನ್ನು ಉದ್ದ ಮಾಡುವ ಮಾತು ಬಂದಾಗಲೆಲ್ಲ ನಂಜನಗೂಡು ಹೆದ್ದಾರಿ, ರೈತರ ಜಮೀನು, ಸರ್ಕಾರದ ದುಡ್ಡು ಎಲ್ಲ ಚರ್ಚೆಗೆ ಬರುತ್ತವೆ. ಏಪ್ರಿಲ್ ಬಿಸಿಲಿನ ಹೆಸರನ್ನು ಯಾರಾದರೂ ಎತ್ತಿದ್ದನ್ನು ನಾನಂತೂ ಕೇಳಿಲ್ಲ.