ಬರದ ಲೆಕ್ಕದಲ್ಲಿ ಹಕ್ಕಿಯ ಹಸಿವು

೨೦೨೩ರಲ್ಲಿ ಮುಂಗಾರು ಕೈಕೊಟ್ಟಾಗ ಸರ್ಕಾರವು ಕರ್ನಾಟಕದ ೨೩೬ ತಾಲ್ಲೂಕುಗಳ ಪೈಕಿ ೨೨೩ನ್ನು ಬರಪೀಡಿತವೆಂದು ಘೋಷಿಸಿತು. ಮಳೆಯ ತವರೆನಿಸಿದ ಮಲೆನಾಡಿನ ತಾಲ್ಲೂಕುಗಳೂ ಆ ಪಟ್ಟಿಯಲ್ಲಿದ್ದವು. ಬೆಳೆಹಾನಿಯ ಲೆಕ್ಕವಾಯಿತು, ಮೇವಿನ ಲೆಕ್ಕವಾಯಿತು, ಕುಡಿಯುವ ನೀರಿನ ಲೆಕ್ಕವೂ ಆಯಿತು. ಕಾಡಿನ ಹಕ್ಕಿಗಳ ಹಸಿವಿಗೆ ಮಾತ್ರ ಬರದ ಲೆಕ್ಕದಲ್ಲಿ ಜಾಗವಿಲ್ಲ.

ಬರವೆಂದರೆ ಬಾಯಾರಿಕೆ ಎಂಬುದು ರೂಢಿಯ ತಿಳಿವಳಿಕೆ. ಆದ್ದರಿಂದಲೇ ಬೇಸಗೆ ಬಂದೊಡನೆ ತಾರಸಿಗಳ ಮೇಲೆ ನೀರಿನ ಬಟ್ಟಲುಗಳು ಕಾಣಿಸಿಕೊಳ್ಳುತ್ತವೆ. ಆ ಕರುಣೆ ಮೆಚ್ಚತಕ್ಕದ್ದೇ. ಆದರೆ ಬಟ್ಟಲಿನ ನೀರು ಹಸಿವನ್ನು ನೀಗದು. ಮಳೆ ತಡವಾದರೆ ಚಿಗುರು ತಡವಾಗುತ್ತದೆ, ಚಿಗುರಿಲ್ಲದೆ ಕಂಬಳಿಹುಳುವಿಲ್ಲ. ಕಾಳು ತಿಂದು ಬದುಕುವ ಗುಬ್ಬಚ್ಚಿ, ಗೀಜಗಗಳೂ ಮರಿಗಳಿಗೆ ಉಣಿಸುವುದು ಹುಳುಗಳನ್ನೇ. ಬೆಳೆದ ಹಕ್ಕಿ ಬೇರೆಡೆಗೆ ಹಾರಿ ಬದುಕೀತು. ಗೂಡಿನ ಮರಿ ಎಲ್ಲಿಗೆ ಹೋದೀತು?

ಮಂಗಟ್ಟೆಯ ಬಾಳು ಇದಕ್ಕೆ ನಿದರ್ಶನ. ಹೆಣ್ಣು ಮಂಗಟ್ಟೆ ಮರದ ಪೊಟರೆಯನ್ನು ಸೇರಿ, ಅದರ ಬಾಯಿ ಮುಚ್ಚಿಕೊಂಡು, ಕಿರಿದಾದ ಸೀಳೊಂದನ್ನಷ್ಟೇ ಉಳಿಸಿ ವಾರಗಟ್ಟಲೆ ಒಳಗಿರುತ್ತದೆ. ತಾಯಿ, ಮರಿಗಳ ಜೀವವೆಲ್ಲ ಗಂಡು ಹೊತ್ತು ತರುವ ಆಹಾರದ ಮೇಲೆ ನಿಂತಿದೆ. ಬೇರೆ ಮರಗಳು ಬರಿದಾದ ದಿನಗಳಲ್ಲೂ ಅತ್ತಿ, ಬಸರಿ, ಗೋಳಿ, ಆಲಗಳಲ್ಲಿ ಎಲ್ಲಿಯೋ ಒಂದು ಮರ ಹಣ್ಣು ಹೊತ್ತಿರುತ್ತದೆ. ಕುಟುರ, ಹಸಿರು ಪಾರಿವಾಳ, ಪಿಕಳಾರಗಳಿಗೂ ಅದೇ ಅನ್ನಛತ್ರ.

ಈ ಛತ್ರವೂ ಬರಕ್ಕೆ ಅತೀತವಲ್ಲ. ಅತ್ತಿ ಕುಲದ ಮರಗಳು ಪರಾಗಸ್ಪರ್ಶಕ್ಕೆ ತಮ್ಮದೇ ಪುಟ್ಟ ಕಣಜಗಳನ್ನು ನೆಚ್ಚಿವೆ. ರೆಕ್ಕೆ ಬಂದ ಕಣಜದ ಆಯುಷ್ಯ ಒಂದೆರಡು ದಿನ. ಅಷ್ಟರೊಳಗೆ ಅದು ಮತ್ತೊಂದು ಮರವನ್ನು ತಲುಪಬೇಕು. ೧೯೯೮ರ ಬರದಲ್ಲಿ, ಬೋರ್ನಿಯೋ ದ್ವೀಪದ ಲಂಬೀರ್ ಬೆಟ್ಟಗಳ ಕಾಡಿನಲ್ಲಿ ಈ ಸರಪಳಿ ಕಡಿಯಿತು. ಕೆಲವು ಜಾತಿಯ ಕಣಜಗಳು ಅಲ್ಲಿಂದ ಅಳಿದುಹೋದವು. ಮಳೆ ಮರಳಿದರೂ ಅವು ಕೂಡಲೇ ಮರಳಲಿಲ್ಲ. ಮರಗಳು ವಿರಳವಾದಷ್ಟೂ ಕಣಜದ ದಾರಿ ದೂರವಾಗುತ್ತದೆ.

ಮೋಪಿನ ಬೆಲೆಯಿಲ್ಲವೆಂಬ ಕಾರಣಕ್ಕೆ ಮಲೆನಾಡಿನಲ್ಲಿ ಇಂತಹ ಮರಗಳು ನೆಡುತೋಪುಗಳಿಗೂ ರಸ್ತೆ ವಿಸ್ತರಣೆಗೂ ಬಲಿಯಾಗಿವೆ. ಅಕೇಶಿಯಾ ತೋಪು ದೂರದಿಂದ ಹಸಿರಾಗಿ ಕಂಡರೂ ಅಲ್ಲಿ ಮಂಗಟ್ಟೆಗೆ ಹಣ್ಣಿಲ್ಲ, ಗೂಡಿಗೆ ಪೊಟರೆಯಿಲ್ಲ.

ಮಳೆ ತರಿಸುವುದು ಯಾವ ಊರಿನ ಕೈಯಲ್ಲೂ ಇಲ್ಲ. ಬರದಲ್ಲಿ ಹಣ್ಣು ಕೊಡುವ ಮರವನ್ನು ಉಳಿಸುವುದು ಊರಿನ ಕೈಯಲ್ಲಿದೆ. ಸೊಪ್ಪಿನಬೆಟ್ಟ, ದೇವರಕಾಡು, ರಸ್ತೆಬದಿಗಳ ಅತ್ತಿ, ಆಲ, ಗೋಳಿಗಳನ್ನು ಗ್ರಾಮ ಅರಣ್ಯ ಸಮಿತಿಗಳು ಎಣಿಸಿ, ಕಡಿಯಬಾರದ ಮರಗಳೆಂದು ದಾಖಲಿಸಲಿ. ಅರಣ್ಯ ಇಲಾಖೆ ತನ್ನ ಸಸಿತೋಟಗಳಲ್ಲಿ ಅವುಗಳಿಗೆ ಸ್ಥಾನ ಕೊಡಲಿ. ಹಣ್ಣುಂಡ ಹಕ್ಕಿ ಬೀಜ ಬಿತ್ತಿದರೆ ಕಾಡು; ಕಾಡಿದ್ದರೆ ಹೊಳೆಯಲ್ಲಿ ನೀರು. ಹಕ್ಕಿಯ ಹಸಿವನ್ನು ಲೆಕ್ಕಕ್ಕೆ ಹಿಡಿಯದ ಬರಪರಿಹಾರವು ಮುಂದಿನ ಬರಕ್ಕೆ ದಾರಿ ಮಾಡಿಕೊಡುತ್ತದೆ.